ಹಳೆಯ ಆಟದ ಯಂತ್ರಗಳ ಶುದ್ಧಿಯೂ ನಮ್ಮ ಹೆಣ್ಣುಮಕ್ಕಳ ವಿದ್ಯೆಯೂ

ಹೆಣ್ಣುಮಕ್ಕಳ ಪ್ರೌಢಶಾಲೆಯ ಸ್ಮರಣಸಂಚಿಕೆಯಲ್ಲಿ ಕಾಸು ಹಾಕಿ ಆಡುವ ಆಟದ ಯಂತ್ರಗಳ ಮಾತು ಏತಕ್ಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಕೇಳುವದು ನ್ಯಾಯವೇ ಸರಿ. ಆರ್ಕೇಡ್ ಯಂತ್ರಗಳೆಂದು ಹೆಸರಾದ ಈ ದೊಡ್ಡ ಪೆಟ್ಟಿಗೆಗಳು ಹುಟ್ಟಿ ಮೆರೆದದ್ದು ಅಮೇರಿಕ ಮತ್ತು ಜಪಾನು ದೇಶಗಳಲ್ಲಿ. ಆದರೆ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಅಂಥ ದೂರದೇಶಗಳಲ್ಲಿ ಸಂಸಾರ ಹೂಡಿದ್ದಾರೆ. ಹಳೆಯ ಯಂತ್ರವೊಂದನ್ನು ಕೊಂಡುತಂದು, ಮನೆಯಲ್ಲಿಯೇ ಬಿಚ್ಚಿ, ಅದರ ಬಿಡಿಭಾಗಗಳನ್ನೂ ಸರ್ಕ್ಯೂಟ್ ಬೋರ್ಡುಗಳನ್ನೂ ಶುದ್ಧಮಾಡಿ, ಮತ್ತೆ ನಡೆಯುವಂತೆ ಮಾಡುವ ಹವ್ಯಾಸವು ಅಲ್ಲಿ ಬಹಳ ಹಬ್ಬಿದೆ. ಈ ಹವ್ಯಾಸದಲ್ಲಿ ನಮ್ಮ ಹೆಣ್ಣುಮಕ್ಕಳು ಕಲಿಯತಕ್ಕ ಪಾಠವೊಂದು ಇದೆಯೆಂದೂ, ಅದು ಇಲ್ಲಿರುವ ಮನೆಗಳಿಗೂ ಅಷ್ಟೇ ಸಲ್ಲುತ್ತದೆಂದೂ ನಾವು ನಂಬಿದ್ದೇವೆ. ಆ ನಂಬಿಕೆಗೆ ಕಾರಣಗಳನ್ನು ಇಲ್ಲಿ ವಾಚಕರ ಮುಂದೆ ಇಡುತ್ತೇವೆ.

ಮೊದಲು ವಸ್ತುವಿನ ಪರಿಚಯವಾಗಲಿ. 1972ನೆಯ ಇಸವಿಯಲ್ಲಿ ಅಟಾರಿ ಎಂಬ ಕಂಪೆನಿಯು ‘ಪಾಂಗ್’ ಎಂಬ ಆಟವನ್ನು ಹೊರಡಿಸಿತು. 1978ರಲ್ಲಿ ಜಪಾನಿನ ಟೈಟೊ ಕಂಪೆನಿಯಿಂದ ‘ಸ್ಪೇಸ್ ಇನ್ವೇಡರ್ಸ್’, 1980ರಲ್ಲಿ ನಾಮ್ಕೊ ಕಂಪೆನಿಯಿಂದ ‘ಪ್ಯಾಕ್‌ಮ್ಯಾನ್’ ಬಂದವು. ಇಂಥ ಯಂತ್ರವು ಸಾಮಾನ್ಯವಾಗಿ ಮನುಷ್ಯನೆತ್ತರದ ಮರದ ಪೆಟ್ಟಿಗೆ. ಅದರೊಳಗೆ ಗಾಜಿನ ಚಿತ್ರನಳಿಕೆ, ಕಾಸಿನ ಬಾಗಿಲು, ಗುಂಡಿಗಳು, ಹಿಡಿಕೆಗಳು, ಮತ್ತು ಆಟದ ಬುದ್ಧಿಯನ್ನೆಲ್ಲಾ ಹೊತ್ತ ಹಸುರು ಬೋರ್ಡು. ಇವು ಈಗ ಆಟಿಕೆಗಳಷ್ಟೇ ಅಲ್ಲ. ಅಮೇರಿಕದ ರೋಚೆಸ್ಟರ್ ಪಟ್ಟಣದ ‘ಸ್ಟ್ರಾಂಗ್’ ಎಂಬ ಆಟಗಳ ವಸ್ತುಸಂಗ್ರಹಾಲಯದಲ್ಲಿ ಇವುಗಳಿಗೂ ಸ್ಥಾನವುಂಟು. ಒಂದು ಕಾಲದವರು ಯಂತ್ರಕ್ಕೆ ಬುದ್ಧಿ ಕಲಿಸಿದ ಬಗೆಗೆ ಇವು ಸಾಕ್ಷಿಗಳು. ಅಂಥ ಸಾಕ್ಷಿಯು ಅಟ್ಟದಲ್ಲಿಯೋ ಕೊಟ್ಟಿಗೆಯಲ್ಲಿಯೋ ಮೂವತ್ತು ನಾಲ್ವತ್ತು ವರುಷ ಬಿದ್ದಿದ್ದು ಒಬ್ಬರ ಕೈಗೆ ಬಂದಾಗ ಮೊದಲು ಬೇಕಾಗುವದು ಶುದ್ಧಿ.

ಇಲ್ಲಿಯೇ ನಮ್ಮ ಮಾತಿನ ಮರ್ಮವಿದೆ. ಅನೇಕ ಮನೆಗಳಲ್ಲಿ ಕೆಲಸವನ್ನು ಹಂಚುವ ರೀತಿ ಇದು: ಯಂತ್ರವನ್ನು ಬಿಚ್ಚುವದು ಮಗನಿಗೆ, ಒರಸುವದು ಮಗಳಿಗೆ. ಬಿಚ್ಚುವದು ಬುದ್ಧಿಯ ಕೆಲಸ, ಒರಸುವದು ಕೈಯ ಕೆಲಸ ಎಂಬ ಭಾವನೆ ಇದರ ಹಿಂದೆ ಇದೆ. ಈ ಭಾವನೆಯು ಸುಳ್ಳೆಂದು ನಾವು ಹೇಳುತ್ತೇವೆ. ಹಳೆಯ ಬೋರ್ಡು ಕೆಡುವದು ಬಿಚ್ಚುವಾಗಲ್ಲ; ಬಹುಮಟ್ಟಿಗೆ ಅರಿಯದೆ ಉಜ್ಜುವಾಗ ಮತ್ತು ಅರಿಯದೆ ತೊಳೆಯುವಾಗ. ಶುದ್ಧಿಮಾಡುವವಳಿಗೆ ಕೊಳೆಯ ಗುಣವೂ ತಿಳಿದಿರಬೇಕು, ಕೊಳೆ ಹತ್ತಿದ ವಸ್ತುವಿನ ಗುಣವೂ ತಿಳಿದಿರಬೇಕು. ಎರಡನ್ನೂ ಬಲ್ಲವಳು ಯಂತ್ರವನ್ನು ಬಲ್ಲವಳೇ ಆಗಿದ್ದಾಳೆ.

ಈ ವಿದ್ಯೆಯು ನಮಗೆ ಹೊಸದಲ್ಲ. ನಮ್ಮ ಅಜ್ಜಿಯಂದಿರ ಅಡಿಗೆಮನೆಯನ್ನು ನೆನಸಿರಿ. ಜಿಡ್ಡಿನ ಪಾತ್ರೆಗೆ ಬೂದಿ, ಕಿಲುಬು ಹಿಡಿದ ತಾಮ್ರದ ಹಂಡೆಗೆ ಹುಣಿಸೇಹಣ್ಣು, ರೇಷ್ಮೆಯ ಸೀರೆಗೆ ಅಂಟವಾಳಕಾಯಿ. ಬೂದಿಯಲ್ಲಿರುವ ಕ್ಷಾರವು ಜಿಡ್ಡಿನೊಡನೆ ಕೂಡಿ ಅದನ್ನು ನೀರಿಗೆ ಬಿಡಿಸುತ್ತದೆ. ಹುಣಿಸೆಯ ಹುಳಿಯು ಕಿಲುಬನ್ನು ಕರಗಿಸುತ್ತದೆ. ಅಂಟವಾಳದ ನೊರೆಯು ಮೃದುವಾದ್ದರಿಂದ, ಕ್ಷಾರವನ್ನು ತಾಳದ ರೇಷ್ಮೆಯು ಅದರಲ್ಲಿ ಕೆಡುವದಿಲ್ಲ. ಹಂಡೆಯ ಹುಳಿಯನ್ನು ಸೀರೆಗೂ, ಪಾತ್ರೆಯ ಬೂದಿಯನ್ನು ರೇಷ್ಮೆಗೂ ಯಾವ ಅಜ್ಜಿಯೂ ಹಚ್ಚಲಿಲ್ಲ. ಅವರು ರಸಾಯನಶಾಸ್ತ್ರದ ಹೆಸರನ್ನು ಕೇಳಿರಲಿಕ್ಕಿಲ್ಲ, ಆದಾಗ್ಯೂ ಅದರ ಮೊದಲನೆಯ ಸೂತ್ರವನ್ನು ನಡಿಸಿದರು. ಆ ಸೂತ್ರವೇ ಆರ್ಕೇಡ್ ಬೋರ್ಡಿಗೂ ಸಾಕು. ಅದೇನಂದರೆ, ಕೊಳೆ ಯಾವದೆಂದು ತಿಳಿಯುವ ಮುಂಚೆ ಕೈಯೆತ್ತಕೂಡದು. ಮೃದುವಾದದ್ದನ್ನು ಮೊದಲು, ಬಲವಾದದ್ದನ್ನು ಕಡೆಗೆ ಪ್ರಯೋಗಿಸತಕ್ಕದ್ದು.

ಬೋರ್ಡಿನ ಮೇಲೆ ಕೊಳೆ ಸಾಮಾನ್ಯವಾಗಿ ನಾಲ್ಕು ವಿಧ: ಧೂಳು, ಆಟದ ಅಂಗಡಿಗಳಲ್ಲಿ ಸೇದಿದ ತಂಬಾಕಿನ ಹೊಗೆಯ ಹಳದಿ ಜಿಡ್ಡು, ತಂತಿ ಕೂಡುವ ಅಂಚಿನಲ್ಲಿ ಲೋಹ ಮಂಕಾಗಿ ಕಟ್ಟಿದ ಪದರ, ಮತ್ತು ಬ್ಯಾಟರಿಯಿಂದ ಸೋರಿದ ಕ್ಷಾರ. ಕೆಲಸದ ಆರಂಭದಲ್ಲಿ ವಿದ್ಯುತ್ತಿನ ಸಂಬಂಧವನ್ನು ಪೂರ್ಣವಾಗಿ ತಪ್ಪಿಸಿ, ಯಾವ ತಂತಿ ಎಲ್ಲಿಗೆ ಸೇರಿತ್ತೆಂಬದನ್ನು ಛಾಯಾಚಿತ್ರದಲ್ಲಿ ಹಿಡಿದು, ತಿರುಪುಮೊಳೆಗಳನ್ನು ಬಟ್ಟಲುಗಳಲ್ಲಿ ಬೇರೆಬೇರೆಯಾಗಿ ಇಡತಕ್ಕದ್ದು. ಹಳೆಯ ಚೀಟಿಗಳನ್ನು, ಹಿಂದೆ ದುರಸ್ತಿ ಮಾಡಿದವರು ಬರೆದಿಟ್ಟ ಗುರುತುಗಳನ್ನು ಅಳಿಸಕೂಡದು. ಅವು ಕೊಳೆಯಲ್ಲ, ಚರಿತ್ರೆ. ಬಳಿಕ ಮೃದುವಾದ ಕುಂಚದಿಂದ ಧೂಳನ್ನು ಒಣಗಿದ ಹಾಗೆಯೇ ತೆಗೆಯಬೇಕು. ಆಗಲೂ ಒಂದು ಎಚ್ಚರಿಕೆಯುಂಟು. ಒಣಹವೆಯಲ್ಲಿ ತಲೆ ಬಾಚುವಾಗ ಕೂದಲು ಬಾಚಣಿಗೆಗೆ ಏಳುವದನ್ನು ಮಕ್ಕಳೆಲ್ಲರೂ ನೋಡಿದ್ದಾರೆ. ಆ ಸ್ಥಾಯೀ ವಿದ್ಯುತ್ತು ನಮಗೆ ತಿಳಿಯದಷ್ಟು ಅಲ್ಪವಾಗಿದ್ದರೂ ಚಿಪ್ಪುಗಳಿಗೆ ಮಾರಕವಾಗಬಹುದು. ಆದಕಾರಣ ನೈಲಾನಿನ ಕುಂಚವನ್ನೂ, ಸವೆದರೆ ಚಟಚಟನೆಂಬ ಕೃತಕನೂಲಿನ ಉಡುಪನ್ನೂ ಬಿಟ್ಟು, ಭೂಸಂಪರ್ಕವುಳ್ಳ ಮಣಿಕಟ್ಟಿನ ಪಟ್ಟಿಯನ್ನು ಧರಿಸುವದು ಯೋಗ್ಯ.

ತೊಳೆದದ್ದನ್ನು ಬಿಸಿಲಿಗೆ ಹಾಕುವದು ನಮ್ಮ ನಾಡಿನ ಹುಟ್ಟುಗುಣ. ಹಪ್ಪಳವೇನು, ಹಾಸಿಗೆಯೇನು, ಎಲ್ಲಕ್ಕೂ ಬಿಸಿಲೇ ವೈದ್ಯ. ಆದರೆ ಹಳೆಯ ಬೋರ್ಡಿನ ಮೇಲೆ ಈಪ್ರಾಮ್ ಎಂಬ ಚಿಪ್ಪುಗಳು ಇರುತ್ತವೆ. ಅವುಗಳ ನಡುವೆ ಗಾಜಿನಂಥ ಪುಟ್ಟ ಕಿಟಕಿಯೂ, ಆ ಕಿಟಕಿಯ ಮೇಲೆ ಒಂದು ಚೀಟಿಯೂ ಇರುವವು. ಆಟದ ವಿಧಿಗಳೆಲ್ಲವೂ ಬರೆದಿರುವದು ಆ ಚಿಪ್ಪಿನಲ್ಲಿ. ಆ ಬರೆಹವನ್ನು ಅಳಿಸಿ ಮತ್ತೆ ಬರೆಯಲೆಂದೇ ಕಿಟಕಿಯನ್ನು ಇಟ್ಟಿದ್ದಾರೆ. ನೇರಳಾತೀತ ಕಿರಣಗಳು ಅದರೊಳಗೆ ಹೊಕ್ಕರೆ ಬರೆಹವು ಅಳಿಯುತ್ತದೆ. ತಕ್ಕ ದೀಪದ ಕೆಳಗೆ ಸುಮಾರು 20 ನಿಮಿಷ ಸಾಕು. ನೇರವಾದ ಬಿಸಿಲಿನಲ್ಲಿ ಸುಮಾರು ಒಂದು ವಾರ. ಕೊಠಡಿಯ ಫ್ಲೋರೆಸೆಂಟ್ ದೀಪದ ಬೆಳಕಿನಲ್ಲಿಯೇ ಸುಮಾರು ಮೂರು ವರುಷ. ಹಳೆಯ ಚೀಟಿ ಮಾಸಿದೆಯೆಂದು ಕಿತ್ತು, ಬೋರ್ಡನ್ನು ತೊಳೆದು, ಒಣಗಲೆಂದು ಮಾಳಿಗೆಯ ಮೇಲಿಟ್ಟವಳು ಥಳಥಳಿಸುವ ಬೋರ್ಡನ್ನು ಪಡೆದಾಳು. ಆಟವನ್ನು ಮಾತ್ರ ಕಳೆದುಕೊಂಡಾಳು. ಒಣಗಿಸುವದು ನೆರಳಿನಲ್ಲಿ, ಗಾಳಿಯಲ್ಲಿ. ಚೀಟಿ ಬಿದ್ದುಹೋಗಿದ್ದರೆ ಬೆಳಕು ತೂರದ ಬೇರೆ ಚೀಟಿಯನ್ನು ಒಡನೆ ಅಂಟಿಸತಕ್ಕದ್ದು.

ಬ್ಯಾಟರಿಯ ವಿಷಯ ಇನ್ನೂ ಬೋಧಪ್ರದವಾಗಿದೆ. ಕೆಲವು ಬೋರ್ಡುಗಳ ಮೇಲೆ ಪುನಃ ತುಂಬಿಸತಕ್ಕ ನಿಕ್ಕಲ್-ಕ್ಯಾಡ್ಮಿಯಮ್ ಬ್ಯಾಟರಿ ಇರುವದು. ಅದು ಮುಪ್ಪಾದ ಮೇಲೆ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣವಾದ ಕ್ಷಾರವನ್ನು ಸೋರಿಸುತ್ತದೆ. ಅದು ತಾಮ್ರದ ಎಳೆಗಳನ್ನು ತಿನ್ನುತ್ತಾ, ಗಾಳಿಯ ಇಂಗಾಲಾಮ್ಲವನ್ನು ಹೀರಿ ಪೊಟ್ಯಾಸಿಯಮ್ ಕಾರ್ಬೊನೇಟ್ ಎಂಬ ಬಿಳಿಯ ಉಪ್ಪಾಗಿ ಕಟ್ಟುತ್ತದೆ. ಆಶ್ಚರ್ಯವೇನಂದರೆ, ಸೌದೆಯ ಬೂದಿಯಲ್ಲಿರುವ ಮುಖ್ಯ ಕ್ಷಾರವೂ ಈ ಉಪ್ಪೇ. ಕ್ಷಾರವನ್ನು ಶಮನಮಾಡುವದು ಹುಳಿ; ಆದ್ದರಿಂದ ಕೆಟ್ಟ ಬ್ಯಾಟರಿಯನ್ನು ತೆಗೆದ ಮೇಲೆ ಆ ಸ್ಥಳಕ್ಕೆ ಮಾತ್ರ ತೆಳುವಾದ ವಿನೆಗರನ್ನೋ ನಿಂಬೆರಸವನ್ನೋ ತುಸು ಹಚ್ಚಿ, ನೊರೆ ನಿಂತ ಬಳಿಕ ಶುದ್ಧಜಲದಿಂದ ಚೆನ್ನಾಗಿ ತೊಳೆಯಬೇಕು. ಹುಳಿ ಉಳಿದರೆ ಅದೂ ಲೋಹವನ್ನು ತಿನ್ನುವದು. ಉಪ್ಪು ಬೆರೆಸಿದ ಹುಣಿಸೇಹಣ್ಣು ದೀಪದ ಕಂಬಕ್ಕೆ ಸರಿ, ಬೋರ್ಡಿಗೆ ಬೇಡ. ಅನೇಕರು ಬ್ಯಾಟರಿಯೆಂದೊಡನೆ ಅಡಿಗೆಸೋಡಾವನ್ನು ಹುಡುಕುತ್ತಾರೆ. ಅದು ಮನೆಯ ಇನ್ವರ್ಟರಿನ ಸೀಸದ ಬ್ಯಾಟರಿಗೆ ಮದ್ದು, ಯಾಕಂದರೆ ಅಲ್ಲಿ ಸೋರುವದು ಆಮ್ಲ. ಕ್ಷಾರದ ಮೇಲೆ ಕ್ಷಾರವನ್ನು ಸುರಿದರೆ ಫಲವೇನು? ಟೆಲಿವಿಷನ್ನಿನ ರಿಮೋಟಿನೊಳಗೆ ಆಲ್ಕಲೈನ್ ಸೆಲ್ಲು ಸೋರಿ ಬಿಳಿಯ ಹುಡಿ ಕಟ್ಟುವದನ್ನು ನಮ್ಮ ವಾಚಕರು ನೋಡಿರುವರು. ಅದೂ ಇದೇ ಕ್ಷಾರ, ಅದಕ್ಕೂ ಇದೇ ಔಷಧ.

ಇಷ್ಟನ್ನು ಕಲಿತ ಹುಡುಗಿಯು ಹಳೆಯ ಬ್ಯಾಟರಿ ಕಂಡಲ್ಲೆಲ್ಲಾ ಕಿತ್ತು ಹಾಕಬಹುದೋ? ಅದೂ ಸಲ್ಲದು. ಜಪಾನಿನ ಕ್ಯಾಪ್‌ಕಾಮ್ ಕಂಪೆನಿಯು 1993ರಲ್ಲಿ ಹೊರಡಿಸಿದ ‘ಸಿಪಿಎಸ್-2’ ಎಂಬ ಬೋರ್ಡುಗಳಲ್ಲಿ ಆಟದ ವಿಧಿಗಳನ್ನು ಗೂಢಲಿಪಿಯಲ್ಲಿ ಬರೆದು, ಅದನ್ನು ಬಿಡಿಸುವ ಕೀಲಿಯನ್ನು ಬ್ಯಾಟರಿಯ ಬಲದಿಂದ ಬದುಕುವ ಸ್ಮೃತಿಯಲ್ಲಿ ಇಟ್ಟರು. ಬ್ಯಾಟರಿ ಸತ್ತರೂ ಕಿತ್ತರೂ ಕೀಲಿ ಅಳಿಯುತ್ತದೆ, ಆಟ ನಿಲ್ಲುತ್ತದೆ. ಹವ್ಯಾಸಿಗಳು ಬಹಳ ಶ್ರಮಪಟ್ಟು ಕೀಲಿಯನ್ನು ಮರಳಿ ತುಂಬುವ ಉಪಾಯವನ್ನು ಮುಂದೆ ಕಂಡುಹಿಡಿದರೆಂಬದು ಸಂತೋಷದ ಮಾತು. ಆದರೆ ಅರಿಯದೆ ಕೀಳುವ ಕೈಗೆ ಆ ಉಪಾಯ ತಿಳಿದಿರುವದಿಲ್ಲ. ಒಂದು ಬೋರ್ಡಿನಲ್ಲಿ ಬ್ಯಾಟರಿಯನ್ನು ತೆಗೆಯದಿರುವದು ಕೇಡು, ಇನ್ನೊಂದರಲ್ಲಿ ತೆಗೆಯುವದು ಕೇಡು. ಯಾವದು ಯಾವದೆಂದು ಓದಿ ತಿಳಿಯಬೇಕು. ಶುದ್ಧಿಯು ಕೈಯ ಕೆಲಸವಷ್ಟೇ ಎಂಬವರು ಇದಕ್ಕೆ ಉತ್ತರ ಹೇಳಲಿ.

ಉಜ್ಜುವದರ ಮೇಲಿನ ಮೋಹವನ್ನು ಕುರಿತೂ ಎರಡು ಮಾತು ಹೇಳಬೇಕು. ಹಿತ್ತಾಳೆಯ ದೀಪವನ್ನು ಹೊಳೆಯುವ ತನಕ ಉಜ್ಜಬಹುದು. ಅದು ಒಳಗೂ ಹೊರಗೂ ಹಿತ್ತಾಳೆ. ಬೋರ್ಡಿನ ಅಂಚಿನಲ್ಲಿ ಸಾಲಾಗಿರುವ ಚಿನ್ನದ ಬಣ್ಣದ ಬೆರಳುಗಳು ಹಾಗಲ್ಲ. ಜಾಮಾ ಎಂಬ ಕ್ರಮವನ್ನು ಅನುಸರಿಸಿದ ಬೋರ್ಡಿನಲ್ಲಿ ಇಂಥ ಬೆರಳುಗಳಿಗೆ 56 ಸ್ಥಾನಗಳು, ಒಂದೊಂದು ಮಗ್ಗುಲಿಗೆ 28. ಚಿನ್ನ ಲೇಪಿಸಿದ ಬೆರಳುಗಳಲ್ಲಿ ಆ ಲೇಪವು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ಅದರ ಕೆಳಗೆ ಇರುವದು ನಿಕ್ಕಲ್, ಅದರ ಕೆಳಗೆ ತಾಮ್ರ. ಮರಳುಕಾಗದ, ಉಕ್ಕಿನ ನಾರು, ಗರಸಾದ ರಬ್ಬರು, ಇವುಗಳಿಂದ ಉಜ್ಜಿದರೆ ಆ ದಿವಸಕ್ಕೆ ಹೊಳಪು ಬರುವದು. ಲೇಪ ಹೋದ ಮೇಲೆ ತಾಮ್ರಕ್ಕೆ ಕಿಲುಬು ಹಿಡಿಯುವದು. ಮೊದಲು ಬಟ್ಟೆಗೆ ಆಲ್ಕೊಹಾಲು ಹಚ್ಚಿ ಒರಸಿ ನೋಡತಕ್ಕದ್ದು. ಅದರಿಂದಾಗದಿದ್ದರೆ ಮಾತ್ರ ಮೃದುವಾದ ಬಿಳಿಯ ರಬ್ಬರನ್ನು ಹಗುರವಾಗಿ ಒಂದೆರಡು ಸಲ ಎಳೆಯಬಹುದು. ಹಳೆಯ ಹಿಡಿಕೆಗಳೊಳಗಿರುವ ತೆಳುವಾದ ಲೋಹದ ಎಲೆಗಳಿಗಂತೂ ಅರ ಬೇಡ. ಎರಡು ಎಲೆಗಳ ನಡುವೆ ಒಂದು ಕಾಗದದ ತುಂಡನ್ನಿಟ್ಟು ಮೆಲ್ಲಗೆ ಒತ್ತಿ ಎಳೆದರೆ ಸಾಕು. ಹೊಳಪು ಬಂತೋ ಎಂದು ಕೇಳಬಾರದು, ವಿದ್ಯುತ್ತು ಹರಿಯಿತೋ ಎಂದು ಕೇಳಬೇಕು.

ನೀರು ಬೋರ್ಡಿಗೆ ಶತ್ರುವೆಂದು ಎಲ್ಲರೂ ಎಣಿಸುತ್ತಾರೆ. ವಿದ್ಯುತ್ತು ಇಲ್ಲದಾಗ ಬರಿಯ ನೀರು ಅಷ್ಟು ಕೇಡು ಮಾಡುವದಿಲ್ಲ. ಕೇಡು ಮಾಡುವದು ನೀರು ಬಿಟ್ಟುಹೋಗುವ ಲವಣಗಳು, ಮತ್ತು ಒಣಗುವ ಮುಂಚೆ ವಿದ್ಯುತ್ತನ್ನು ಹರಿಸುವ ಆತುರ. ನಮ್ಮ ಬಯಲುಸೀಮೆಯ ಕೊಳವೆಬಾವಿಯ ಗಡುಸುನೀರು ಪಾತ್ರೆಯ ತಳದಲ್ಲಿ ಬಿಳಿಯ ಪದರವನ್ನು ಕಟ್ಟುವದು ಯಾರಿಗೆ ತಿಳಿಯದು? ಅಂಥ ನೀರನ್ನು ಬೋರ್ಡಿಗೆ ಸುರಿಯದೆ ಬಟ್ಟಿಯಿಳಿಸಿದ ನೀರನ್ನು ಉಪಯೋಗಿಸಿ, ದಿನಗಟ್ಟಲೆ ಒಣಗಬಿಡಬೇಕು. ಟ್ರಾನ್ಸ್‌ಫಾರ್ಮರು, ಧ್ವನಿಪೆಟ್ಟಿಗೆ, ಬ್ಯಾಟರಿ, ಮುಚ್ಚಳವಿಲ್ಲದ ಸ್ವಿಚ್ಚು, ಇವನ್ನು ನೀರಿಗೆ ಕಾಣಿಸಲೇಕೂಡದು. ಹೊಗೆಯ ಜಿಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲು ಒಳ್ಳೆಯದು. ಔಷಧದಂಗಡಿಯ ನೂರಕ್ಕೆ 70ರ ಪಾಕದಲ್ಲಿ ಉಳಿದದ್ದೆಲ್ಲಾ ಬಹುತೇಕ ನೀರೇ. ನೂರಕ್ಕೆ 90ಕ್ಕಿಂತ ಹೆಚ್ಚಿನದೇ ಬೇಗ ಆರುತ್ತದೆ. ಆದರೆ ತಾಯಂದಿರು ಇದನ್ನು ಮರೆಯಬಾರದು: ಈ ದ್ರವದ ಆವಿಯು ಸುಮಾರು 12 ಡಿಗ್ರಿ ಸೆಂಟಿಗ್ರೇಡಿನಿಂದಲೇ ಕಿಡಿಗೆ ಹತ್ತಿಕೊಳ್ಳುವದು. ನಮ್ಮ ನಾಡಿನ ಅಡಿಗೆಮನೆಯು ಯಾವ ಕಾಲದಲ್ಲಿಯೂ ಅದಕ್ಕಿಂತ ಬೆಚ್ಚಗೇ ಇರುತ್ತದೆ. ಆದಕಾರಣ ಒಲೆ, ದೀಪ, ಊದುಬತ್ತಿಗಳಿಂದ ದೂರ, ಕಿಟಕಿ ತೆರೆದ ಕೊಠಡಿಯಲ್ಲಿಯೇ ಈ ಕೆಲಸ ನಡೆಯತಕ್ಕದ್ದು.

ಪ್ಲಾಸ್ಟಿಕ್ಕಿನ ಗುಂಡಿಗಳಿಗೆ ಉಗುರುಬೆಚ್ಚಗಿನ ಸಾಬೂನಿನ ನೀರು ಸಾಕು. ಬಣ್ಣ ತೆಗೆಯುವ ತಿನ್ನರು ಅವುಗಳನ್ನು ಕರಗಿಸುವದು, ಅಕ್ರಿಲಿಕ್ ಹಲಗೆಗೆ ಆಲ್ಕೊಹಾಲು ತಗಲಿದರೆ ಕೂದಲೆಳೆಯಂಥ ಬಿರುಕುಗಳು ಹುಟ್ಟುವವು. ಗಾಜಿನ ಮೇಲಿನ ಚಿತ್ರವು ಹಿಂಭಾಗದಲ್ಲಿ ಮುದ್ರಿತವಾಗಿರುವದರಿಂದ ಆ ಭಾಗವನ್ನು ತೋಯಿಸಬಾರದು. ಕಾಸಿನ ದಾರಿಗೆ ಎಣ್ಣೆ ಹಾಕಬಾರದು. ಎಣ್ಣೆಗೆ ಧೂಳು ಅಂಟಿ ಕಾಸು ಸಿಕ್ಕಿಕೊಳ್ಳುವದು. 1981ರಲ್ಲಿ ಅಟಾರಿ ಕಂಪೆನಿಯು ಹೊರಡಿಸಿದ ‘ಸೆಂಟಿಪೀಡ್’ ಎಂಬ ಆಟದಲ್ಲಿ ಹಿಡಿಕೆಗೆ ಬದಲಾಗಿ ಅಂಗೈಯಿಂದ ಉರುಳಿಸುವ ಒಂದು ಗೋಲವಿದೆ. ಗೋಲವು ಉರುಳಿಗಳನ್ನು ತಿರುಗಿಸುತ್ತದೆ; ಉರುಳಿಯ ತುದಿಯ ಹಲ್ಲಿನ ಚಕ್ರವು ಬೆಳಕನ್ನು ಬಿಟ್ಟುಬಿಟ್ಟು ತಡೆಯುತ್ತದೆ; ಆ ಎಣಿಕೆಯಿಂದ ಯಂತ್ರವು ಕೈಯ ಚಲನೆಯನ್ನು ತಿಳಿಯುತ್ತದೆ. ಸಾವಿರಾರು ಅಂಗೈಗಳ ಬೆವರೂ ಧೂಳೂ ಉರುಳಿಗಳ ಮೇಲೆ ಕರಿಯ ಪಟ್ಟಿಯಾಗಿ ಕಟ್ಟಿದಾಗ ಆಟ ತೊಡರುವದು. ಅದನ್ನು ಒರಸಿ ತೆಗೆದರೆ ಗೋಲವು ಮತ್ತೆ ಸಲೀಸಾಗಿ ಉರುಳುವದು. ಈ ಆಟವನ್ನು ರಚಿಸಿದವರು ಎಡ್ ಲಾಗ್ ಎಂಬವರೂ ಡೋನಾ ಬೈಲಿ ಎಂಬ ಮಹಿಳೆಯೂ. ಗಂಡಸರೇ ತುಂಬಿದ್ದ ಆ ಕಾರ್ಯಶಾಲೆಯಲ್ಲಿ ಆಕೆಯು ಯಂತ್ರಕ್ಕೆ ವಿಧಿಗಳನ್ನು ಬರೆದಳು. 2020ರಲ್ಲಿ ಆ ಆಟವು ಮೇಲೆ ಹೇಳಿದ ರೋಚೆಸ್ಟರಿನ ಸಂಗ್ರಹಾಲಯದವರ ಗೌರವಪಟ್ಟಿಗೆ ಸೇರಿತು. ಹೆಂಗಸೊಬ್ಬಳು ಬುದ್ಧಿ ಕೊಟ್ಟ ಯಂತ್ರದ ಗೋಲವನ್ನು ಒರಸುವದಕ್ಕಷ್ಟೇ ನಮ್ಮ ಮಗಳು ಅರ್ಹಳು, ಅದನ್ನು ಬಿಚ್ಚಲು ಅರ್ಹಳಲ್ಲ ಎನ್ನುವದು ಎಷ್ಟು ಹಾಸ್ಯಾಸ್ಪದ!

ಅಪಾಯದ ಮಾತನ್ನು ಎತ್ತುವ ಪೋಷಕರಿಗೆ ನಾವು ಎದುರಾಡುವದಿಲ್ಲ. ಅಪಾಯವುಂಟು. ಹಳೆಯ ವರ್ಣಚಿತ್ರನಳಿಕೆಗೆ ಸುಮಾರು 20,000 ವೋಲ್ಟುಗಳ ವಿದ್ಯುತ್ತು ಬೇಕು. ಗುಂಡಿ ಆರಿಸಿದ ಬಳಿಕವೂ ಅದು ನಳಿಕೆಯಲ್ಲಿ ನಿಂತಿರಬಹುದು. ಆ ಭಾಗವನ್ನು ಹುಡುಗಿಯಾಗಲಿ ಹುಡುಗನಾಗಲಿ, ತರಬೇತಿಯಿಲ್ಲದ ದೊಡ್ಡವರಾಗಲಿ ಮುಟ್ಟತಕ್ಕದ್ದಲ್ಲ. ವಿದ್ಯುತ್ತನ್ನು ಒದಗಿಸುವ ಪೆಟ್ಟಿಗೆಗೂ ಇದೇ ನಿಯಮ. ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಆ ಕಾಲದ ಬೆಸುಗೆಯು ತವರ ಮತ್ತು ಸೀಸಗಳ ಮಿಶ್ರಣ. ಯೂರೋಪಿನಲ್ಲಿ ಹೊಸ ಸಾಮಾನುಗಳ ಸೀಸಕ್ಕೆ ಕಟ್ಟುನಿಟ್ಟಾದ ಮಿತಿ ಬಂದದ್ದು 2006ರ ಜುಲೈ ತಿಂಗಳಿನಿಂದ. ಆದ್ದರಿಂದ ಹಳೆಯ ಬೋರ್ಡನ್ನು ಅಡಿಗೆಯ ಪಾತ್ರೆಯಲ್ಲಿ ತೊಳೆಯಬಾರದು, ಊಟದ ಮೇಜಿನ ಮೇಲೆ ಹರಡಬಾರದು, ಕೈಗವುಸಿಲ್ಲದೆ ಕ್ಷಾರವನ್ನು ಮುಟ್ಟಬಾರದು, ಕೆಲಸ ಮುಗಿದೊಡನೆ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಕ್ಯಾಡ್ಮಿಯಮ್ ವಿಷವಾದ್ದರಿಂದ ತೆಗೆದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ, ಇಂಥ ತ್ಯಾಜ್ಯಗಳನ್ನು ಕೂಡಿಸುವವರಿಗೆ ಒಪ್ಪಿಸಬೇಕು. ಆದರೆ ಅಪಾಯವಿದೆಯೆಂಬ ಕಾರಣದಿಂದ ಹೆಣ್ಣುಮಕ್ಕಳನ್ನು ದೂರವಿಡುವದು ವಿಚಿತ್ರವಾದ ತರ್ಕ. ಕುದಿಯುವ ಎಣ್ಣೆಯ ಬಾಣಲೆಯ ಮುಂದೆ ಹನ್ನೆರಡು ವರುಷದವಳನ್ನು ನಿಲ್ಲಿಸುವಾಗ ಈ ಭಯ ಎಲ್ಲಿರುತ್ತದೆ? ಅಲ್ಲಿ ನಾವು ಎಚ್ಚರಿಕೆಯನ್ನು ಕಲಿಸುತ್ತೇವೆ. ಇಲ್ಲಿಯೂ ಅದನ್ನೇ ಕಲಿಸೋಣ.

ಆಟದ ಯಂತ್ರಕ್ಕೆ ಇಷ್ಟು ಶ್ರಮ ಯಾಕೆ, ಪರೀಕ್ಷೆಗೆ ಓದಬಾರದೇ ಎಂದು ಹೇಳುವವರೂ ಇದ್ದಾರೆ. ಆಮ್ಲ, ಕ್ಷಾರ, ಲವಣ, ಸ್ಥಾಯೀ ವಿದ್ಯುತ್ತು, ನೇರಳಾತೀತ ಕಿರಣ, ಇವುಗಳಲ್ಲಿ ಯಾವದು ನಮ್ಮ ಪಾಠಪುಸ್ತಕದ ಹೊರಗಿನದು? ಪುಸ್ತಕದಲ್ಲಿ ಓದಿ ಮರೆತದ್ದನ್ನು ಬೋರ್ಡಿನ ಮೇಲೆ ಕಂಡವಳು ಮರೆಯುವದಿಲ್ಲ. ಆರ್ಕೇಡ್ ಯಂತ್ರವು ನಮ್ಮ ಊರಿನ ಮನೆಗಳಲ್ಲಿ ಸಿಕ್ಕದೆಹೋದರೂ ಕೆಟ್ಟ ರಿಮೋಟು, ಮೂಲೆಗೆ ಸೇರಿದ ರೇಡಿಯೊ ಸಿಕ್ಕದ ಮನೆ ಇಲ್ಲ.

ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಬರುವ ರಜೆಯಲ್ಲಿ ಅಂಥ ಒಂದು ಸೋರಿದ ರಿಮೋಟನ್ನು ಮಗಳಿಗೂ ಮಗನಿಗೂ ಕೂಡಿಯೇ ಕೊಡಿರಿ. ಸೆಲ್ಲುಗಳನ್ನು ಮೊದಲು ತೆಗೆಯಿಸಿರಿ. ಬಿಳಿಯ ಹುಡಿ ಏನೆಂದು ಕೇಳಿರಿ. ಹುಳಿ ಬೇಕೋ ಸೋಡಾ ಬೇಕೋ ಎಂದು ಕೇಳಿರಿ. ಉತ್ತರ ಬರುವ ತನಕ ಒರಸುವ ಬಟ್ಟೆಯನ್ನು ಇಬ್ಬರ ಕೈಗೂ ಕೊಡಬೇಡಿರಿ. ಉತ್ತರ ಬಂದ ಮೇಲೆ ತಿರುಪುಳಿಯನ್ನು ಮಗಳ ಕೈಗೂ, ಬಟ್ಟೆಯನ್ನು ಮಗನ ಕೈಗೂ ಕೊಡಿರಿ. ದೂರದೇಶಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಗೆ ಅಂಥ ಹಳೆಯ ಪೆಟ್ಟಿಗೆಯೊಂದು ಬಂದರೆ ಅದರ ಬಾಗಿಲನ್ನು ನಿಮ್ಮ ಹೆಣ್ಣುಮಕ್ಕಳಿಗೂ ತೆರೆಯಿರಿ. ಅಜ್ಜಿಯ ಬೂದಿ ಹುಣಿಸೆಗಳ ಮಾತನ್ನೂ ಅಲ್ಲಿಯೇ ಅವರಿಗೆ ಹೇಳಿರಿ.